ಲೆಕ್ಕಾ ಕಲಿಸೂ ಆ್ಯಪ್ ತಗೊಳ್ಳೂ ಮೊದಲ

ಹೋದ ವಾರ ಓಣ್ಯಾಗಿನ ಇಬ್ಬರು ಕೇಳಿದ್ರು, "ಅಕ್ಕಾರ, ಹುಡುಗರಿಗೆ ಗಣಿತಕ್ಕ ಯಾವ ಆನ್‌ಲೈನ್ ಕ್ಲಾಸ್ ಛಲೋ ಐತ್ರಿ?" ನಾನು ಪಿಯುಸಿ ಓದಿದಾಕಿ, ಅದೂ ಆರ್ಟ್ಸ್. ಆದ್ರ ಈ ವಿಷಯದಾಗ ನಮ್ಮ ಮನ್ಯಾಗ ರೊಕ್ಕಾ ಕೊಟ್ಟು ಬುದ್ಧಿ ಕಲ್ತೇವಿ. ಅದಕ್ಕ ಬರೀಲಿಕ್ಕೆ ಕುಂತೇನಿ.

ಮೊಮ್ಮಗ ನಾಕನೇ ಕ್ಲಾಸ್. ಹೋದ ವರ್ಷ ಒಬ್ಬಾಂವ ಮನೀಗೇ ಬಂದು, ಹುಡುಗನ ಕಡೆ ನಾಕು ಲೆಕ್ಕಾ ಮಾಡಿಸಿ, "ಈಗ ಹಿಡೀಲಿಲ್ಲಂದ್ರ ಹಿಂದ ಬೀಳ್ತಾನ್ರಿ" ಅಂದ. ತಾಯಿ ಕರಳು, ಸೊಸಿ ಹೆದರಿದ್ಲು. ಅವತ್ತೇ ಸಹಿ ಆತು. ತಿಂಗಳ ಕಂತು ಅಂತ ಹೇಳಿದ್ದು ಖರೇ ಅಂದ್ರ ಸಾಲ ಅನ್ನೂದು ನಮಗ ತಿಳದದ್ದು ಕ್ಲಾಸ್ ಬಿಡಿಸಾಕ ಹೋದಾಗ. ಸಾಲ ಕೊಟ್ಟದ್ದು ಬ್ಯಾರೆ ಫೈನಾನ್ಸ್ ಕಂಪನಿ. ಕ್ಲಾಸ್ ನಿಂತ್ರೂ ಕಂತು ನಿಲ್ಲಲಿಲ್ಲ.

ರೊಕ್ಕದ ಮಾತು ಇರಲಿ. ಒಂದಿನ ಸಂಜೀಕ ಅವನ ಬಾಜೂಕ ಕುಂತೆ. ಮೂರರಾಗ ಒಂದು ಪಾಲು ದೊಡ್ಡದೋ, ನಾಕರಾಗ ಒಂದು ಪಾಲು ದೊಡ್ಡದೋ ಅಂತ ಪ್ರಶ್ನೆ ಬಂತು. ನಾಕು ದೊಡ್ಡದಲ್ಲಾ ಅಂತ ಅದನ್ನ ಒತ್ತಿದ. ಕೆಂಪು ದೀಪ ಹತ್ತಿತು, ಸರಿ ಉತ್ತರ ತೋರಿಸಿತು, ಮುಂದಿನ ಪ್ರಶ್ನೆ ಬಂತು. ಯಾಕ ತಪ್ಪು ಅಂತ ಅದೂ ಹೇಳಲಿಲ್ಲ, ಇವನೂ ಕೇಳಲಿಲ್ಲ. "ಒಂದು ತಪ್ಪಾದ್ರ ಇನ್ನೊಂದು ಒತ್ತೂದು ಆಯಿ, ನನಗ ಲೆಕ್ಕಾ ಬರಂಗಿಲ್ಲ" ಅಂದ.

ಆ ಮಾತು ನನ್ನ ಎದಿಗೆ ನಟ್ಟಿತು. ಏಳನೇತ್ತಾದಾಗ ನಾನೂ ಹಂಗ ಅಂದಾಕಿ. ಅವತ್ತಿನಿಂದ ಇವತ್ತಿನ ತನಕ ಬಡ್ಡಿ ಲೆಕ್ಕಾ ಬಂತಂದ್ರ ಯಜಮಾನರ ಮಾರಿ ನೋಡ್ತೇನಿ.

ಡಬ್ಬಿಯೊಳಗಿಂದ ಎರಡು ಹೋಳಿಗಿ ತಂದು ಒಂದು ಮೂರು ಪಾಲು, ಇನ್ನೊಂದು ನಾಕು ಪಾಲು ಮಾಡಿದೆ. "ಯಾವ ತಾಟಿನಾಗಿಂದು ಬೇಕೋ?" ಅಂದೆ. ಮೂರು ಪಾಲಿಂದಕ್ಕ ಕೈ ಹಾಕಿದ. ಸ್ವಲ್ಪ ಹೊತ್ತು ನೋಡಿ, "ಓ! ಮಂದಿ ಹೆಚ್ಚಾದ್ರ ಪಾಲು ಸಣ್ಣದಾಕ್ಕೈತಿ!" ಅಂದ.

ಹಂಗಂತ ಮೊಬೈಲೇ ಬ್ಯಾಡ ಅನ್ನೂದಿಲ್ಲ. ದುಡಿಯೂ ತಾಯಂದಿರಿಗೆ ದಿನಾ ಹೋಳಿಗಿ ಹರಕೋತ ಕೂಡ್ರಾಕ ಎಲ್ಲಿ ಆಕ್ಕೈತಿ? ಆದ್ರ ಆರಿಸೂ ಮುಂದ ಜಾಹೀರಾತು, ಬಹುಮಾನದ ನಾಣ್ಯ ನೋಡಬ್ಯಾಡ್ರಿ. ನೀವೇ ಬೇಕಂತ ಒಂದು ತಪ್ಪು ಉತ್ತರ ಒತ್ತಿ ನೋಡ್ರಿ. ಎಲ್ಲಿ ತಪ್ಪಿತು ಅಂತ ಚಿತ್ರ ಬಿಡಿಸಿ ತಿಳಿಸಿದ್ರ, ಅದಕ್ಕಿಂತ ಹಗುರಾದ ಲೆಕ್ಕಾ ಕೊಟ್ಟು ಮತ್ತ ಮ್ಯಾಲ ಹತ್ತಿಸಿದ್ರ, ಅದು ಕಲಿಸತೈತಿ. ಬರೇ ಕೆಂಪು ದೀಪ ಹಚ್ಚಿ ಮುಂದ ಓಡಿದ್ರ, ಅದು ಪರೀಕ್ಷಾ ಅಷ್ಟ.

ಮೊದಲ ಪುಕಟ್ಟೆ ಇದ್ದದ್ದು ನೋಡ್ರಿ. ಖಾನ್ ಅಕಾಡೆಮಿಗೆ ರೊಕ್ಕಾ ಇಲ್ಲ, ಕನ್ನಡದಾಗೂ ಗಣಿತ ಐತಿ. ಸರ್ಕಾರದ ದೀಕ್ಷಾ ಆ್ಯಪೂ ಪುಕಟ್ಟೆ. ಶಾಲಿ ಪುಸ್ತಕದಾಗಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರ ಅದರಾಗ ಪಾಠ ತಗೀತೈತಿ.

ರೊಕ್ಕಾ ಕೊಡೂದೇ ಆದ್ರ, ಸಾಲದ ಕಾಗದಕ್ಕ ಸಹಿ ಹಾಕಬ್ಯಾಡ್ರಿ. ಖಾತೆಯಿಂದ ತಾನ ರೊಕ್ಕಾ ಕಟ್ಟಾಗೂ ವ್ಯವಸ್ಥೆ ಬ್ಯಾಡ, ನಿಬಂಧನೆ ಓದಿ ಒಪ್ಪಿಗಿ ಕೊಡ್ರಿ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರದಾಗ ಪಾಲಕರಿಗೆ ಹೇಳಿತ್ತು. ನಮಗ ಗೊತ್ತಾದದ್ದು ತಡಾ ಆಗಿ. ಮೋಸ ಆಗೇತಿ ಅನಿಸಿದ್ರ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡ್ರಿ.

ಮತ್ತೊಂದು ಮಾತು. ಯಾವುದನ್ನೇ ಹಚ್ಚಿದ್ರೂ ಆಮ್ಯಾಲೆ ಹತ್ತು ನಿಮಿಷ ಹುಡುಗನ್ನ ಕುಂದರಿಸಿ, "ಇವತ್ತಿಂದು ನನಗ ಕಲಿಸೋ" ಅನ್ರಿ. ನಮಗ ಬರಂಗಿಲ್ಲ ಅಂತ ನಾಚಬ್ಯಾಡ್ರಿ. ಬರದೇ ಇದ್ದವರಿಗೇ ಹುಡುಗರು ಬಿಡಿಸಿ ಹೇಳ್ತಾವ, ಹೇಳ್ತಾ ಹೇಳ್ತಾ ತಾವೂ ಕಲೀತಾವ.

ನಮ್ಮಾಂವ ಈಗೂ ತಪ್ಪು ಮಾಡ್ತಾನ. ಆದ್ರ "ಯಾಕ ತಪ್ಪಾತು ಆಯಿ?" ಅಂತ ಕೇಳ್ತಾನ. ನನಗ ಅಷ್ಟು ಸಾಕು. ಕಂತು ಮಾತ್ರ ಇನ್ನೂ ಮೂರು ಉಳದಾವ.