ಕೇಳದೆ ಬರೆದ ಯೋಜನೆ ನಮಗೆ ಬೇಡ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ರೈತರೇ, ನೇಕಾರರೇ, ಕೂಲಿಕಾರರೇ, ಅಕ್ಕ-ತಂಗಿಯರೇ,

2018ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದಳು. 2023ರಲ್ಲಿ ಮತ್ತೆ ಬರ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಪಟ್ಟಿ ಸೇರಿದವು. ವರ್ಷವಿಡೀ ಸುರಿದರೂ 600 ಮಿ.ಮೀ. ಮುಟ್ಟುವುದು ಕಷ್ಟವಾದ ನಾಡು ನಮ್ಮದು. ಅಂಥಲ್ಲಿ ಒಂದು ವರ್ಷ ಮೇವಿಗೆ ಸಾಲು, ಇನ್ನೊಂದು ವರ್ಷ ಗಂಜಿ ಕೇಂದ್ರದ ಮುಂದೆ ಸಾಲು. ಗಾಳಿ ಒಂದು ಡಿಗ್ರಿ ಹೆಚ್ಚು ಕಾದರೆ ಅದು ಹಿಡಿದಿಡಬಲ್ಲ ತೇವ ಸುಮಾರು ಶೇ 7ರಷ್ಟು ಏರುತ್ತದೆ. ತಿಂಗಳಿಡೀ ಹನಿಯಬೇಕಾದ ಮಳೆ ಎರಡೇ ದಿನಕ್ಕೆ ಹೊಡೆದು ಹೋಗುವುದಕ್ಕೆ ಇದೂ ಒಂದು ಕಾರಣ.

ಇದನ್ನೆಲ್ಲ ಎದುರಿಸಲು ರಾಜ್ಯಕ್ಕೊಂದು ಹವಾಮಾನ ಕ್ರಿಯಾ ಯೋಜನೆ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು. ಇರಲಿ, ಬೇಡ ಅನ್ನುವವರು ನಾವಲ್ಲ. ನಮ್ಮ ತಕರಾರು ಇಷ್ಟೇ: ಯಾವ ಊರಿಗೆ ಯಾವ ಅಪಾಯ, ಅದು ಮೊದಲು ಯಾರ ಮನೆ ಬಾಗಿಲಿಗೆ ಬರುತ್ತದೆ ಎಂಬ ಲೆಕ್ಕವನ್ನು ಆ ಊರಿನವರ ಜೊತೆ ಕೂತು ಮಾಡಬೇಕು. ಎಸ್ಟಿಮೇಟು, ಟೆಂಡರು ಆಮೇಲೆ.

ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಜಿಲ್ಲೆಗೆ ಹೋಗಬೇಕಿಲ್ಲ. 2009ರ ಸೆಪ್ಟೆಂಬರ್ ಕೊನೆಗೆ ಬಂದ ಮಹಾಪೂರದಲ್ಲಿ ಉತ್ತರ ಕರ್ನಾಟಕದ 200ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಬಂತು ‘ಆಸರೆ’. ದಾನಿಗಳು ಹಣ ಕೊಟ್ಟರು, ಸರ್ಕಾರ ಜಾಗ ಕೊಟ್ಟಿತು, ಎತ್ತರದ ನೆಲದಲ್ಲಿ ಸಾಲು ಮನೆಗಳು ಎದ್ದವು. ಉದ್ದೇಶ ಒಳ್ಳೆಯದೇ. ಆದರೆ ದನ ಎಲ್ಲಿ ಕಟ್ಟುತ್ತೀರಿ, ಬಣವಿ ಎಲ್ಲಿ ಒಟ್ಟುತ್ತೀರಿ, ಹೊಲಕ್ಕೆ ಎಷ್ಟು ದೂರವಾದರೆ ನಡೆದೀತು ಎಂದು ಕೇಳಿದವರು ಎಷ್ಟು ಮಂದಿ? ಎರಡು ಎತ್ತು, ಒಂದು ಎಮ್ಮೆ ಇರುವ ಮನೆಯವರು ಗೋದಲಿ ಇಲ್ಲದ ಮನೆಯಲ್ಲಿ ಹೇಗೆ ಇದ್ದಾರು? ಎಷ್ಟೋ ಕುಟುಂಬಗಳು ಹಳೆಯ ಊರಲ್ಲೇ ಉಳಿದವು. ಹೊಸ ಮನೆಯ ಸುತ್ತ ಜಾಲಿ ಬೆಳೆಯಿತು. ಹತ್ತು ವರ್ಷ ತುಂಬುವಷ್ಟರಲ್ಲಿ, 2019ರಲ್ಲಿ, ಅದೇ ಹಳೆಯ ಊರುಗಳಿಗೆ ಅದೇ ನೀರು ಬಂತು. ಆಗ ಕೇಳಿಬಂದ ಮಾತು: “ಕಟ್ಟಿಕೊಟ್ಟರೂ ಹೋಗಲಿಲ್ಲ, ಜನರದೇ ತಪ್ಪು.” ಆಲಮಟ್ಟಿ ಹಿನ್ನೀರಿಗೆ ಮನೆ-ಮಠ ಬಿಟ್ಟುಕೊಟ್ಟು ನವನಗರ ಸೇರಿದವರ ಜಿಲ್ಲೆ ಇದು. ಊರು ಬಿಡುವುದೆಂದರೆ ಏನೆಂದು ಇಲ್ಲಿಯ ಜನಕ್ಕೆ ಯಾರೂ ಪಾಠ ಹೇಳಬೇಕಿಲ್ಲ.

ಮಲಪ್ರಭೆಯ ವಿಷಯವನ್ನೇ ನೋಡಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಹೊಳೆ ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ಕಟ್ಟೆಯ ಕೆಳಗೆ ವರ್ಷದ ಬಹುಪಾಲು ಹರಿವೇ ಇಲ್ಲ. ಹರಿವಿಲ್ಲದ ಹೊಳೆಯ ಪಾತ್ರದೊಳಗೆ ಬಳ್ಳಾರಿ ಜಾಲಿ ಹೊಕ್ಕಿತು, ಹೂಳು ತುಂಬಿತು, ಒತ್ತುವರಿಯೂ ಆಯಿತು. ಈಗ ಮೇಲಿನಿಂದ ಒಮ್ಮೆಲೇ ನೀರು ಬಿಟ್ಟು, ಬೆಣ್ಣೆಹಳ್ಳವೂ ಉಕ್ಕಿದರೆ ಹೊಳೆ ಊರೊಳಗೆ ಬರದೆ ಎಲ್ಲಿಗೆ ಹೋಗಬೇಕು? ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆಂದು ಮೊಬೈಲಿಗೆ ಸುದ್ದಿ ಬರುತ್ತದೆ. ಅಷ್ಟು ನೀರಿಗೆ ಯಾವ ಓಣಿ ಮುಳುಗುತ್ತದೆ, ಯಾವ ಹಾದಿ ಮೊದಲು ಕಟ್ಟಾಗುತ್ತದೆ, ಯಾರ ಮನೆಯ ಹಗೇವಿನ ಜೋಳ ಕೊಳೆಯುತ್ತದೆ ಎಂಬುದು ಯಾವ ಕಡತದಲ್ಲೂ ಸಿಗುವುದಿಲ್ಲ. ಚೊಳಚಗುಡ್ಡದ, ಪಟ್ಟದಕಲ್ಲಿನ ಹಿರಿಯರನ್ನು ಕೇಳಿ, ಬೊಟ್ಟು ಮಾಡಿ ತೋರಿಸುತ್ತಾರೆ.

ಒತ್ತುವರಿ ಮಾಡಿದವರಲ್ಲಿ ನಮ್ಮವರೇ ಇದ್ದಾರೆ, ಅದನ್ನೂ ಹೇಳಿಬಿಡೋಣ. ಸಭೆ ಬಾಗಿಲು ತೆರೆದು ನಡೆದರೆ ಈ ಮಾತು ಆಡಲೇಬೇಕಾಗುತ್ತದೆ. ಬಹುಶಃ ಅದಕ್ಕೇ ಕೆಲವರಿಗೆ ಅಂಥ ಸಭೆ ಬೇಡ.

ಇಳಕಲ್ಲಿಗೆ ಬನ್ನಿ. ಸೀರೆ ನೇಯುವ ಕುಳಿಮಗ್ಗ ನೆಲದೊಳಗೆ ಇರುತ್ತದೆ. ನೇಕಾರ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾನೆ. ಜಡಿಮಳೆ ಹಿಡಿದರೆ ಕುಳಿಯಲ್ಲಿ ತೇವ ಏರುತ್ತದೆ, ಗಂಜಿ ಹಚ್ಚಿದ ಹಾಸು ಒಣಗುವುದಿಲ್ಲ, ಎಳೆ ಹರಿಯುತ್ತದೆ. ಗೋಡೆ ಬಿದ್ದಿಲ್ಲ, ಆದ್ದರಿಂದ ಫೋಟೋದಲ್ಲಿ ಹಾನಿ ಕಾಣುವುದಿಲ್ಲ. ಆ ವಾರದ ಕೂಲಿ ಮಾತ್ರ ಹೋಯಿತು. ಅದೇ ಊರಿನ ಹೊರಗೆ ಕೆಂಪು ಗ್ರಾನೈಟ್ ಕ್ವಾರಿಯಲ್ಲಿ ಏಪ್ರಿಲ್-ಮೇ ಬಿಸಿಲಿಗೆ ಕಾದ ಬಂಡೆಯ ಮೇಲೆ ದುಡಿಯುವವರಿಗೆ ಅಪಾಯ ನೀರಿನದಲ್ಲ, ಬಿಸಿಲಿನದು. ಅವರಿಗೆ ಬೇಕಾದದ್ದು ನೆರಳು, ಕುಡಿಯುವ ನೀರು, ಕೆಲಸದ ವೇಳೆಯ ಬದಲಾವಣೆ. ತಾಲ್ಲೂಕಿಗೊಂದೇ ಬಣ್ಣ ಬಳಿದ ನಕ್ಷೆಯಲ್ಲಿ ಈ ಇಬ್ಬರೂ ಸಿಗುವುದಿಲ್ಲ.

ಹುನಗುಂದದ ಎರಿ ಹೊಲ ಇನ್ನೊಂದು ಪಾಠ. ಅಲ್ಲಿ ಬಿಳಿಜೋಳ, ಕಡಲೆ ಬರುವುದು ಮಣ್ಣು ಹಿಡಿದಿಟ್ಟ ತೇವದ ಮೇಲೆ. ಹಸ್ತ, ಚಿತ್ತಿ ಮಳೆ ರಭಸದಿಂದ ಬಿದ್ದರೆ ಎರಿ ನೀರು ಕುಡಿಯುವುದಕ್ಕೆ ಮೊದಲೇ ಒಡ್ಡು ಒಡೆದು ಮೇಲ್ಮಣ್ಣು ಹಳ್ಳ ಸೇರುತ್ತದೆ. ಇದಕ್ಕೆ ಮದ್ದು ಇಲ್ಲಿಯ ಒಕ್ಕಲುತನದಲ್ಲೇ ಇತ್ತು: ಇಳಿಜಾರಿಗೆ ತಕ್ಕ ಒಡ್ಡು, ಹೆಚ್ಚಾದ ನೀರು ಮಣ್ಣು ಬಿಟ್ಟು ತಾನೊಂದೇ ಇಳಿದು ಹೋಗಲು ಕಲ್ಲಿನ ಕೋಡಿ. ಹೀಗೆ ಒಡ್ಡು ಹಾಕಿದ ಹುನಗುಂದದ ನಾಗರಾಳ ಮನೆತನದವರ ಹೊಲಗಳನ್ನು ನೋಡಲು ದೂರದೂರಿಂದ ರೈತರು ಬಂದರು. ಉದ್ಯೋಗ ಖಾತ್ರಿಯಲ್ಲಿ ಅಳತೆ ಪುಸ್ತಕ ನೋಡಿ ಹಾಕಿದ ಒಡ್ಡಿಗೂ ಇದಕ್ಕೂ ಇರುವ ವ್ಯತ್ಯಾಸ ಮೊದಲ ದೊಡ್ಡ ಮಳೆಗೇ ತಿಳಿಯುತ್ತದೆ.

ಹಾಗಾದರೆ ವಿಜ್ಞಾನ ಬೇಡವೇ? ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ, ಪಂಚಾಯ್ತಿ ಮಟ್ಟಕ್ಕೆ ಬಂದಿವೆ. ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಅವರು ಮೂವತ್ತು ವರ್ಷದ ಮಳೆ ಲೆಕ್ಕ ತರಲಿ. ಊರವರು 2009ರ, 2019ರ ನೀರಿನ ಗುರುತು ತೋರಿಸಲಿ. ಊರ ಕಟ್ಟೆಯ ಮುಂದೆ ರಂಗೋಲಿ ಪುಡಿಯಲ್ಲಿ ಊರು ಬರೆದು ಹೊಳೆ, ಹಳ್ಳ, ಬಾವಿ, ತಾಂಡಾ, ಶಾಲೆ ಗುರುತಿಸಿ. ಹೆಣ್ಣುಮಕ್ಕಳು ಬರೆದ ನಕ್ಷೆಯಲ್ಲಿ ಬತ್ತಿದ ಬೋರ್‌ವೆಲ್ ಮೊದಲು ಬಂದೀತು, ಗಂಡಸರದರಲ್ಲಿ ಮುಳುಗಿದ ಹೊಲ. ಎರಡೂ ಬೇಕು. ಅದಕ್ಕೇ ಎರಡು ಬೈಠಕ್, ಬೇರೆ ಬೇರೆ ಹೊತ್ತಿಗೆ.

ಗೋವೆಗೆ, ಮಂಗಳೂರಿಗೆ ದುಡಿಯಲು ಹೋದವರನ್ನು ಬಿಟ್ಟು ಲೆಕ್ಕ ಮುಗಿಸಬೇಡಿ. ಬರದ ಪೆಟ್ಟು ಮೊದಲು ತಿಂದವರು ಅವರೇ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬಂದೇ ಬರುತ್ತಾರೆ. ಬಾದಾಮಿ ಸುತ್ತಲಿನ ಊರುಗಳಲ್ಲಿ ಸಭೆಯನ್ನು ಆ ವಾರಕ್ಕೇ ಇಟ್ಟುಕೊಳ್ಳಿ.

ಬಂಧುಗಳೇ, ಮುಂದಿನ ವಾರ್ಡ್ ಸಭೆಗೆ, ಗ್ರಾಮ ಸಭೆಗೆ ತಪ್ಪದೆ ಹೋಗಿ. ನಮ್ಮೂರಿನ ಅಪಾಯದ ಪಟ್ಟಿ ಓದಿ ಹೇಳಿ ಎಂದು ಕೇಳಿ. ಇಲ್ಲವೆಂದರೆ ಅಲ್ಲೇ ಕೂತು ಮಾಡಿಸಿ. ತಹಶೀಲ್ದಾರರ, ಕೃಷಿ ಇಲಾಖೆಯ, ನೀರಾವರಿ ನಿಗಮದ ಅಧಿಕಾರಿಗಳು ಹಾಜರಿರಬೇಕೆಂದು ಪಟ್ಟು ಹಿಡಿಯಿರಿ. ಆಡಿದ ಮಾತು ನಡಾವಳಿ ಪುಸ್ತಕದಲ್ಲಿ ಬರೆಸದೆ, ಸಹಿ-ಸಿಕ್ಕೆ ಇರುವ ಪ್ರತಿ ಕೈಗೆ ಬಾರದೆ ಏಳಬೇಡಿ.