ಹನ್ನೊಂದು ಅಂಕಿಗಳ ಹಾರ

ಬಿ.ಎ. ತರಗತಿಗೆ ಸೇರಿದ ದಿನ ನನಗಾದ ಸಂತೋಷಕ್ಕೆ ಒಂದು ಗುಟ್ಟಾದ ಕಾರಣವಿತ್ತು. ಇನ್ನು ಮೇಲೆ ಲೆಕ್ಕದ ಕಾಟವಿಲ್ಲ! ನನ್ನಂತೆಯೇ ಗಣಿತಕ್ಕೆ ಹೆದರಿ ಕಲಾವಿಭಾಗಕ್ಕೆ ಓಡಿಬಂದ ಮಿತ್ರರು ನಮ್ಮಲ್ಲಿ ಅನೇಕರಿದ್ದಾರೆಂದು ಬಲ್ಲೆ. ಆ ಓಟ ತಪ್ಪೆಂದು ನನಗೆ ತೋರಿಸಿಕೊಟ್ಟದ್ದು ಒಂದು ಸಂಖ್ಯೆ: 12345654321.

ಕನ್ನಡ ತರಗತಿಯಲ್ಲಿ ‘ಕವಿರಾಜಮಾರ್ಗ’ದ ಪಾಠ ಕೇಳುತ್ತೇವೆ, ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಕೊಂಡಾಡುತ್ತೇವೆ. ಅದೇ ದೊರೆಯನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. 27994681ನ್ನು 441ರಿಂದ ಗುಣಿಸುವ ಲೆಕ್ಕ ಅದರಲ್ಲಿದೆ. ಉತ್ತರವೇ ಮೇಲಿನ ಸಂಖ್ಯೆ. ಇಂಥ ಗುಣಲಬ್ಧಗಳನ್ನು ಆಚಾರ್ಯನು ಕೊರಳ ಹಾರಕ್ಕೆ ಹೋಲಿಸಿದ್ದಾನೆ.

ಈ ಹಾರದ ಚೆಲುವು ಹೊರನೋಟದ್ದು ಮಾತ್ರವಲ್ಲ. 111111ನ್ನು ಅದರಿಂದಲೇ ಗುಣಿಸಿ ನೋಡಿ. ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಆರು ಸಾಲು ಬರೆಯಬೇಕಾಗುತ್ತದೆ. ಕಂಬಸಾಲುಗಳಲ್ಲಿ ಕೂಡುವ ಒಂದುಗಳು ಕ್ರಮವಾಗಿ ಆರರವರೆಗೆ ಏರಿ, ಹಾಗೆಯೇ ಇಳಿಯುತ್ತವೆ. ಅದೇ ನಮ್ಮ ಸಂಖ್ಯೆ. ಅಂಕಿಗಳ ಮೊತ್ತ 36, ಅಂದರೆ ಆರರ ವರ್ಗ. ಇನ್ನು ಆಚಾರ್ಯನ ಲೆಕ್ಕದ ಒಳಗುಟ್ಟು: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ, 21ನ್ನು 5291ರಿಂದ ಗುಣಿಸಿದರೆ 111111! ಒಂಬತ್ತು ಒಂದುಗಳವರೆಗೆ ಹೀಗೆ ಹಾರ ಕಟ್ಟಬಹುದು. ಹತ್ತಾದರೆ ದಶಕ ಬಂದು ನಡುವೆ ಹಾರ ಕೆಡುತ್ತದೆ.

ನನ್ನ ತಾಯಿ ಗಾಂಧಿಬಜಾರಿನಲ್ಲಿ ಹೂ ಕಟ್ಟಿ ಮಾರುವವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಆದರೆ ಮೊಳದ ಲೆಕ್ಕ, ಬಡ್ಡಿಯ ಲೆಕ್ಕ ಎರಡೂ ಬಾಯಲ್ಲೇ. ಒಂದು ಸಂಜೆ ಈ ಸಂಖ್ಯೆಯನ್ನು ಬರೆದು ತೋರಿಸಿದೆ. “ಎರಡು ಕೊನೆಯಿಂದಲೂ ಒಂದೇ ಥರ ಕಟ್ಟಿದಾರಲ್ಲೋ, ನಡುವೆ ದೊಡ್ಡ ಹೂ!” ಎಂದರು. ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ನಮ್ಮ ಮನೆತನದಲ್ಲಿ ಮೊದಲ ಪದವೀಧರನಾಗಲಿರುವ ನಾನು, ಅವರು ದಿನವೂ ಸಲೀಸಾಗಿ ಮಾಡುವ ಕೆಲಸಕ್ಕೆ ಹೆದರಿ ಓಡಿದ್ದೆ!

ಗಣಿತವು ನಮಗೆ ಪರಕೀಯವೆಂದು ಹೇಳಿದವರಾರು? ಸಂಗೀತ, ನಾಟಕ, ಛಂದಸ್ಸು, ಅಲಂಕಾರ, ವ್ಯಾಕರಣ, ಅಡುಗೆ – ಇವೆಲ್ಲಕ್ಕೂ ಗಣಿತ ಬೇಕೆಂದು ಮಹಾವೀರಾಚಾರ್ಯನೇ ತನ್ನ ಗ್ರಂಥದ ಮೊದಲಲ್ಲಿ ಸಾರಿದ್ದಾನೆ. ಲಘು ಗುರುಗಳ ಮಾತ್ರೆ ಎಣಿಸಿ ಪ್ರಸ್ತಾರ ಹಾಕುವ ನಾವು ಮಾಡುತ್ತಿರುವುದಾದರೂ ಏನು? ಲೆಕ್ಕವನ್ನೇ ಅಲ್ಲವೇ?

ಹಿಂದಿನವರು ಎಲ್ಲವನ್ನೂ ಬಲ್ಲರೆಂದು ಬೀಗುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಒಂದೇ ಆಸ್ಥಾನದ ಎರಡು ಗ್ರಂಥಗಳಲ್ಲಿ ಒಂದನ್ನು ಓದಿ ಇನ್ನೊಂದರ ಹೆಸರನ್ನೂ ಕೇಳದಿರುವುದು ಅರೆ ವಿದ್ಯೆ ಎಂಬುದಷ್ಟೇ ನನ್ನ ಅಭಿಮತ. ಪೂಜ್ಯ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಮುಂದಿನ ವರ್ಷ ‘ಕವಿರಾಜಮಾರ್ಗ’ದ ಪಾಠ ನಡೆಯುವಾಗ ಒಂದು ಗಂಟೆಯನ್ನು ಮಹಾವೀರಾಚಾರ್ಯನಿಗೂ ಮೀಸಲಿಡಿರಿ. ಅಷ್ಟರಲ್ಲಿ ನಾನು ಕಾಲೇಜು ಬಿಟ್ಟಿರುತ್ತೇನೆ. ನನ್ನ ಬೆಂಚಿನಲ್ಲಿ ಕೂರುವ ತಮ್ಮನೋ ತಂಗಿಯೋ ಲೆಕ್ಕಕ್ಕೆ ಹೆದರದಿದ್ದರೆ ಅದೇ ನನಗೆ ಸಂತೋಷ.