ಒಂದು ಹಳ್ಳಿಯ ಮತ ಎಣಿಕೆ ಮತ್ತು ಸುಪ್ರೀಂ ಕೋರ್ಟಿನ ತೀರ್ಪು

ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಒಂದು ಸಾಮಾನ್ಯ ಗ್ರಾಮ. ಅಲ್ಲಿನ ಸರಪಂಚ ಯಾರೆಂಬ ವಿವಾದವನ್ನು ಸುಪ್ರೀಂ ಕೋರ್ಟು ಮತಯಂತ್ರಗಳನ್ನು ತನ್ನಲ್ಲಿಗೇ ತರಿಸಿಕೊಂಡು, 2025ರ ಆಗಸ್ಟ್ 11ರಂದು ಇತ್ಯರ್ಥಪಡಿಸಿತು.

2022ರ ನವೆಂಬರ್ 2ರಂದು ನಡೆದ ಚುನಾವಣೆಯಲ್ಲಿ ಒಬ್ಬರನ್ನು ವಿಜೇತರೆಂದು ಘೋಷಿಸಲಾಯಿತು. ಪರಾಜಿತರು 69ನೇ ಮತಗಟ್ಟೆಯ ಎಣಿಕೆಯನ್ನು ಪ್ರಶ್ನಿಸಿದರು. ಚುನಾವಣಾ ನ್ಯಾಯಮಂಡಳಿಯು ಆ ಮತಗಟ್ಟೆಯ ಮರುಎಣಿಕೆಗೆ ಆದೇಶಿಸಿತು. ಹೈಕೋರ್ಟು ಅದನ್ನು ರದ್ದುಪಡಿಸಿತು. ಸುಪ್ರೀಂ ಕೋರ್ಟು ಎಲ್ಲ ಮತಗಟ್ಟೆಗಳ ಮರುಎಣಿಕೆಗೆ ಆಜ್ಞಾಪಿಸಿ, ಉಭಯ ಪಕ್ಷಗಳ ಸಮಕ್ಷಮದಲ್ಲಿ, ವಿಡಿಯೊ ಚಿತ್ರೀಕರಣದೊಡನೆ ಅದನ್ನು ನಡೆಸಿತು. ಒಟ್ಟು 3,767 ಮತಗಳಲ್ಲಿ ಅರ್ಜಿದಾರರಿಗೆ 1,051, ವಿಜೇತರೆನಿಸಿದ್ದವರಿಗೆ 1,000 ಮತಗಳು ದೊರೆತವು. ಎರಡು ದಿನಗಳೊಳಗೆ ಅರ್ಜಿದಾರರನ್ನು ಸರಪಂಚರೆಂದು ಘೋಷಿಸುವಂತೆ ಜಿಲ್ಲಾಡಳಿತಕ್ಕೆ ಆದೇಶವಾಯಿತು.

ಕೇಳಿದವರಿಗೆಲ್ಲ ಮರುಎಣಿಕೆ ದೊರೆಯುತ್ತದೆಂದು ಇದರಿಂದ ಭಾವಿಸಬಾರದು. ಬರಿಯ ಸಂಶಯವನ್ನಾಗಲಿ, ಅಂತರ ಅಲ್ಪವೆಂಬ ಕಾರಣವನ್ನಾಗಲಿ ನ್ಯಾಯಾಲಯಗಳು ಒಪ್ಪುವುದಿಲ್ಲ. ಎಲ್ಲಿ, ಯಾವ ಲೋಪವಾಯಿತೆಂಬುದನ್ನು ಆಧಾರಸಹಿತ ಹೇಳಬೇಕು. ಈ ಪ್ರಕರಣದಲ್ಲಿ ಆಕ್ಷೇಪವು ನಿರ್ದಿಷ್ಟ ಮತಗಟ್ಟೆಯೊಂದರ ಬಗೆಗಿತ್ತು ಎಂಬುದು ಗಮನಾರ್ಹ.

ಸತ್ಯ ಗೆದ್ದಿತು, ನಿಜ. ಆದರೆ ಎಣಿಕೆಗೆ ಹಿಡಿದದ್ದು ಒಂದು ದಿನ, ಎಣಿಸಬೇಕೆಂಬ ತೀರ್ಮಾನಕ್ಕೆ ಹಿಡಿದದ್ದು ಎರಡೂಮುಕ್ಕಾಲು ವರ್ಷ. ಐದು ವರ್ಷಗಳ ಅಧಿಕಾರಾವಧಿಯ ಅರ್ಧಕ್ಕಿಂತ ಹೆಚ್ಚು ಕಾಲ, ಗ್ರಾಮಸ್ಥರು ಆರಿಸದವರು ಗ್ರಾಮವನ್ನು ಆಳಿದರು. ಆ ಕಾಲವನ್ನು ಯಾವ ತೀರ್ಪೂ ಹಿಂದಿರುಗಿಸಲಾರದು. ಮತದಾರನಿಗಾದ ಈ ನಷ್ಟವೇ ಪ್ರಕರಣದ ನಿಜವಾದ ನೋವು. ಚುನಾವಣಾ ತಕರಾರುಗಳಿಗೆ ಕಾಲಮಿತಿಯ ವಿಚಾರಣೆ ಬೇಕೆಂಬುದನ್ನು ಇದು ಒತ್ತಿ ಹೇಳುತ್ತದೆ.

ನಮ್ಮಲ್ಲಿ ಪಂಚಾಯಿತಿ ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ. ಹರಿಯಾಣದಲ್ಲಿ ಸರಪಂಚರನ್ನು ಜನರೇ ನೇರವಾಗಿ ಆರಿಸುತ್ತಾರೆ. ಕ್ರಮ ಬೇರೆಯಾದರೂ ಹಳ್ಳಿಯ ಕಹಿ ಒಂದೇ. ಹತ್ತಾರು ಮತಗಳ ಸೋಲು ಓಣಿ ಓಣಿಗಳನ್ನು ಒಡೆಯುತ್ತದೆ. ಜಾತ್ರೆಯ ತೇರಿನ ಹಗ್ಗ ಹಿಡಿಯುವ ಕೈಗಳನ್ನೂ ಬೇರ್ಪಡಿಸುತ್ತದೆ. ಗದ್ದುಗೆಯ ಮುಂದೆ ಆಣೆ ಪ್ರಮಾಣ ಮಾಡಿಸಬೇಕೆಂಬ ಒತ್ತಾಯವೂ ಏಳುತ್ತದೆ. ಆಣೆಯಿಂದ ಮತಗಳ ಲೆಕ್ಕ ತಿಳಿಯದು. ಲೋಪವಾಗಿದ್ದರೆ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯನ್ವಯ 30 ದಿನಗಳೊಳಗೆ ನ್ಯಾಯಾಲಯದಲ್ಲಿ ತಕರಾರು ಅರ್ಜಿ ಸಲ್ಲಿಸುವುದೇ ಸರಿಯಾದ ಮಾರ್ಗ. ಎಣಿಕೆಯ ದಿನ ಹಾಜರಿದ್ದು, ಅಂಕಿಗಳನ್ನು ಬರೆದಿಟ್ಟುಕೊಳ್ಳುವ ಏಜೆಂಟರ ಎಚ್ಚರವೂ ಅಷ್ಟೇ ಮುಖ್ಯ.

ಬಸವಾದಿ ಶರಣರು ಕಾಯಕದಲ್ಲಿ ಶುದ್ಧಿಯನ್ನು ಬಯಸಿದರು. ಮತ ಎಣಿಸುವುದೂ ಒಂದು ಕಾಯಕವೇ. ಅಲ್ಲಿ ಅಜಾಗ್ರತೆಗೆ ಎಡೆಯಿರಬಾರದು. ಗೆದ್ದವರಿಗೆ ಮರುಎಣಿಕೆ ಅವಮಾನವಲ್ಲ. ತನ್ನದಲ್ಲದ ಪದವಿಯನ್ನು ತಿಳಿದೂ ಹಿಡಿದುಕೊಂಡಿರುವುದು ಪರಧನವನ್ನು ಇಟ್ಟುಕೊಂಡಂತೆ. ಸೋತವರೂ ತೀರ್ಪು ಬಂದ ಮೇಲೆ ಹಗೆಯನ್ನು ಬಿಡಬೇಕು. ಸದ್ಭಕ್ತರು ತಮ್ಮ ಊರಿನ ಚುನಾವಣೆಗಳಲ್ಲಿ ಇದನ್ನು ನೆನೆಯಲಿ.